ಜಾವಾ ಕಾರ್ಖಾನೆಗೆ ಹೊತ್ತಾಯಿತು

ಮೈಸೂರಿನ ಒಂಟಿಕೊಪ್ಪಲಿನ ಆ ಮನೆಯಲ್ಲಿ ಸಂಜೆ ನಾಲ್ಕಾಯಿತೆಂದರೆ ಯಜಮಾನರು ಎದ್ದು ನಿಲ್ಲುತ್ತಾರೆ. ಗೂಟದಲ್ಲಿದ್ದ ಅಂಗಿ ತೊಟ್ಟು, ಒಂದು ಗುಂಡಿಯೂ ತಪ್ಪದಂತೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ ಬಾಗಿಲಿಗೆ ಬರುತ್ತಾರೆ. ‘ಶಿಫ್ಟಿಗೆ ಹೊತ್ತಾಯಿತು. ಟಿಫಿನ್ ಡಬ್ಬಿ ಎಲ್ಲಿ?’

ಅವರು ಹೋಗಬೇಕಾದದ್ದು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಗೆ. 1960ರಲ್ಲಿ ಶುರುವಾಗಿ, ಮೊದಲು ಜಾವಾ, ಆಮೇಲೆ ಯೆಜ್ಡಿ ಎಂಬ ಹೆಸರಿನ ಮೋಟಾರ್ ಸೈಕಲ್ಲುಗಳನ್ನು ತಯಾರಿಸಿ ದೇಶಕ್ಕೆಲ್ಲ ಕಳಿಸಿದ ಕಾರ್ಖಾನೆ ಅದು. 1996ರಲ್ಲಿ ಮುಚ್ಚಿತು. ಮೈಸೂರಿನ ಎಷ್ಟೋ ಸಂಸಾರಗಳಿಗೆ ಅದು ಅನ್ನ ಕೊಟ್ಟಿತ್ತು. ಅಲ್ಲಿನ ಯಂತ್ರಗಳ ಸದ್ದು ಅಡಗಿ ಎಷ್ಟು ಕಾಲವಾಯಿತೆಂದರೆ, ಆಗ ಹುಟ್ಟಿದ ಮಕ್ಕಳು ಈಗ ತಮ್ಮ ಮಕ್ಕಳನ್ನು ಶಾಲೆಗೆ ಸೇರಿಸುತ್ತಿದ್ದಾರೆ. ಆದರೆ ನಮ್ಮ ಯಜಮಾನರ ಪಾಲಿಗೆ ಅದರ ಗೇಟು ಇನ್ನೂ ತೆರೆದೇ ಇದೆ.

ನಾನು ಈ ಮನೆಗೆ ಬಂದದ್ದು ನನ್ನ ಮಗಳ ಹಿಂದೆ. ಡಿಗ್ರಿ ಎರಡನೆಯ ವರ್ಷದಲ್ಲಿರುವ ಅವಳು, ಮರೆವಿನ ಕಾಯಿಲೆಯವರ ಮನೆಗಳಿಗೆ ಶನಿವಾರ ಸಂಜೆ ಎರಡು ಗಂಟೆ ಹೋಗಿಬರುವ ಊರಿನ ಒಂದು ಪುಟ್ಟ ಸೇವಾಸಂಸ್ಥೆಗೆ ಹೆಸರು ಕೊಟ್ಟುಬಂದಿದ್ದಳು. ‘ಪರೀಕ್ಷೆ ಹತ್ತಿರ ಬಂತು, ಇದೆಲ್ಲ ಯಾಕೆ? ಇದಕ್ಕೇನು ಮಾರ್ಕ್ಸ್ ಕೊಡುತ್ತಾರೆಯೇ?’ ಎಂದು ಎಲ್ಲ ತಂದೆತಾಯಿಯರಂತೆ ನಾನೂ ಕೇಳಿದೆ. ‘ಹಾಗಾದರೆ ನೀವೂ ಬಂದು ನೋಡಿ’ ಎಂದಳು. ಗೊತ್ತಿಲ್ಲದವರ ಮನೆಗೆ ಹೆಣ್ಣುಮಗಳೊಬ್ಬಳನ್ನೇ ಕಳಿಸುವುದು ಹೇಗೆಂದು ಹೊರಟವರು ನಾವು. ಅಷ್ಟೇ ಹೊರತು, ದೊಡ್ಡ ಸೇವಾಭಾವವೇನೂ ನನ್ನಲ್ಲಿರಲಿಲ್ಲ.

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆ ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಈ ಗಾದೆಯೇ ಒಂದು ತೊಂದರೆ. ವಯಸ್ಸಾದ ಮೇಲೆ ಹೀಗೆಲ್ಲ ಆಗುವುದು ಸಹಜವೆಂದು ಅದನ್ನು ಹೇಳಿಕೊಂಡು ಸುಮ್ಮನಾಗಿಬಿಡುತ್ತೇವೆ. ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು ವಯಸ್ಸು. ಕನ್ನಡಕವನ್ನು ಕೈಯಲ್ಲಿ ಹಿಡಿದು ಇದು ಯಾತಕ್ಕೆ ಎಂದು ಕೇಳುವುದು ಕಾಯಿಲೆ. ವೈದ್ಯರು ಇದನ್ನು ಡಿಮೆನ್ಶಿಯಾ ಎನ್ನುತ್ತಾರೆ. ಇದಕ್ಕೆ ಬಹಳ ಮಟ್ಟಿಗೆ ಕಾರಣವಾಗುವ ಆಲ್‌ಝೈಮರ್ ರೋಗವನ್ನು ಜರ್ಮನಿಯ ವೈದ್ಯ ಆಲೊಯಿಸ್ ಆಲ್‌ಝೈಮರ್ 1906ರಲ್ಲಿ ಮೊದಲು ವಿವರಿಸಿದರು. ನಮ್ಮ ದೇಶದಲ್ಲಿ ಅರವತ್ತು ದಾಟಿದವರ ಪೈಕಿ ಶೇಕಡಾ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಅವರಲ್ಲಿ ಹೆಚ್ಚಿನವರು ಆಸ್ಪತ್ರೆಯಲ್ಲಿಲ್ಲ, ನಮ್ಮ ಪಕ್ಕದ ಮನೆಗಳಲ್ಲೇ ಇದ್ದಾರೆ.

ಮೊದಲ ಶನಿವಾರ ತಪ್ಪು ಮಾಡಿದವರು ನಾವೇ. ಯಜಮಾನರು ಅಂಗಿ ತೊಟ್ಟು ನಿಂತಾಗ, ಎಲ್ಲ ತಿಳಿದವರಂತೆ ‘ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಯಿತಲ್ಲ ಸಾರ್’ ಎಂದೆ. ಅವರ ಮುಖ ಬಿಳಿಚಿಕೊಂಡಿತು. ‘ಮುಚ್ಚಿದರೆ? ಯಾರು ಹೇಳಿದರು? ಮಗುವಿನ ಫೀಸು ಕಟ್ಟಬೇಕಲ್ಲ!’ ಎನ್ನುತ್ತ ಗೋಡೆ ಹಿಡಿದು ಕುಳಿತುಬಿಟ್ಟರು. 1996ರಲ್ಲಿ ಒಮ್ಮೆ ತಿಂದ ಪೆಟ್ಟನ್ನು ನಾನು ಅವರಿಗೆ ಇನ್ನೊಮ್ಮೆ ಕೊಟ್ಟಿದ್ದೆ. ಐದು ನಿಮಿಷದಲ್ಲಿ ನನ್ನ ಮಾತನ್ನು ಮರೆತರು. ದುಃಖವನ್ನು ಮಾತ್ರ ಮರೆಯಲಿಲ್ಲ. ರಾತ್ರಿಯವರೆಗೂ ಕಾರಣ ತಿಳಿಯದೆ ಕಣ್ಣೊರೆಸಿಕೊಳ್ಳುತ್ತಿದ್ದರಂತೆ.

ಮುಂದಿನ ವಾರ ಸಂಸ್ಥೆಯವರು ನಮ್ಮಂಥ ಹೊಸಬರನ್ನು ಕೂರಿಸಿಕೊಂಡು ಪಾಠ ಹೇಳಿದರು. ತಿದ್ದಬೇಡಿ, ವಾದಿಸಬೇಡಿ. ‘ನಾನು ಯಾರು ಹೇಳಿ ನೋಡೋಣ’ ಎಂದು ಪರೀಕ್ಷೆ ಮಾಡಬೇಡಿ, ನಿಮ್ಮ ಹೆಸರನ್ನು ನೀವೇ ಹೇಳಿ. ಎದುರಿಗೆ ಕುಳಿತು, ಕಣ್ಣಿಗೆ ಕಣ್ಣು ಕೊಟ್ಟು, ಒಂದು ಸಲಕ್ಕೆ ಒಂದೇ ಮಾತಾಡಿ. ಏನು ತಿನ್ನುತ್ತೀರಿ ಎನ್ನಬೇಡಿ, ಬಾಳೆಹಣ್ಣೋ ಬಿಸ್ಕತ್ತೋ ಎಂದು ಕೇಳಿ. ಕೈ ಕಲಿತ ಕೆಲಸ ತಲೆಗಿಂತ ತಡವಾಗಿ ಮರೆಯುತ್ತದೆ. ಹೂ ಕಟ್ಟಿದವರಿಗೆ ಹೂ ಕೊಡಿ, ಬಟ್ಟೆ ಮಡಿಸಿದವರಿಗೆ ಬಟ್ಟೆ ಕೊಡಿ.

ಕೇಳುತ್ತ ಕುಳಿತ ನನಗೆ ತೀರಿಕೊಂಡ ನನ್ನ ತಾಯಿ ನೆನಪಾದರು. ಕೊನೆಯ ವರ್ಷಗಳಲ್ಲಿ ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳುತ್ತಿದ್ದರು. ‘ಈಗ ತಾನೇ ಹೇಳಲಿಲ್ಲವೇ?’ ಎಂದು ಹನ್ನೊಂದನೆಯ ಸಲಕ್ಕೆ ಗದರುತ್ತಿದ್ದೆ. ಅವರಿಗೆ ಅದು ಪ್ರತಿಸಲವೂ ಮೊದಲನೆಯ ಪ್ರಶ್ನೆಯೇ ಆಗಿತ್ತೆಂದು ಆಗ ನನಗೆ ಹೇಳಿದವರಿಲ್ಲ.

ಹೇಳುವವರು ನಮ್ಮ ದೇಶದಲ್ಲಿ ಹುಟ್ಟಿಕೊಂಡದ್ದೇ ಈಚೆಗೆ. ಕೇರಳದ ವೈದ್ಯ ಡಾ. ಕೆ. ಜೇಕಬ್ ರಾಯ್ ಅವರ ಮುಂದಾಳತ್ವದಲ್ಲಿ ಆಲ್‌ಝೈಮರ್ ರೋಗಿಗಳ ರಾಷ್ಟ್ರೀಯ ಸಂಘ ಆರಂಭವಾದದ್ದು 1992ರಲ್ಲಿ. ಬೆಂಗಳೂರಿನಲ್ಲಿ ವೃದ್ಧರಿಗಾಗಿ ದುಡಿಯುವ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಶುರುವಾದದ್ದು 1998ರಲ್ಲಿ. ದೊಡ್ಡ ಸಂಸ್ಥೆಗಳ ಕೈ ಎಲ್ಲ ಮನೆಗಳಿಗೂ ಎಟುಕುವುದಿಲ್ಲ. ಅಲ್ಲಿ ಬೇಕಾಗುವವರು ಎರಡು ಗಂಟೆ ಬಿಡುವಿರುವ ನೆರೆಹೊರೆಯವರು.

ಮೂರನೆಯ ಶನಿವಾರ ನಾಲ್ಕು ಗಂಟೆಗೆ ಯಜಮಾನರು ಎದ್ದಾಗ ಮಗಳು, ‘ನಾನೂ ಯಾದವಗಿರಿ ಕಡೆಗೇ ಹೊರಟೆ, ಜೊತೆಗೇ ಹೋಗೋಣವೇ ಸಾರ್?’ ಎಂದಳು. ಫೋನ್ ನಂಬರ್ ಬರೆದ ಚೀಟಿ ಅವರ ಜೇಬಿನಲ್ಲಿದೆಯೇ ಎಂದು ನೋಡಿಕೊಂಡು ಮೂವರೂ ಹೊರಟೆವು.

ಮೈಸೂರಿನಲ್ಲೇ ಬೆಳೆದ ನನಗೆ ಆ ದಾರಿ ಹೊಸದಲ್ಲ. ಆದರೂ ಅಂದು ಹೊಸದಾಗಿ ಕಂಡಿತು. ಇದೇ ಒಂಟಿಕೊಪ್ಪಲಿನ ತಮ್ಮ ಮನೆಯಿಂದ 1935ರಲ್ಲಿ ರೇಡಿಯೋ ಪ್ರಸಾರ ಆರಂಭಿಸಿದ ಡಾ. ಎಂ.ವಿ. ಗೋಪಾಲಸ್ವಾಮಿ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಮೇಷ್ಟರು. ಆ ಪ್ರಸಾರ ಬೆಳೆದು ಈಗಿನ ಆಕಾಶವಾಣಿಯಾಗಿ ಯಾದವಗಿರಿಯಲ್ಲಿದೆ. ಅಲ್ಲೇ ಸ್ವಲ್ಪ ದೂರದಲ್ಲಿ ಆರ್.ಕೆ. ನಾರಾಯಣ್ ಅವರ ಮನೆ, 2016ರಿಂದ ವಸ್ತುಸಂಗ್ರಹಾಲಯ. ಯಾವ ನಕ್ಷೆಯಲ್ಲೂ ಇಲ್ಲದ ಮಾಲ್ಗುಡಿಯನ್ನು ನಾವೆಲ್ಲ ಎಷ್ಟು ಸಲೀಸಾಗಿ ನಂಬಿದೆವು! ಯಜಮಾನರು ನಡೆಯುವ ಊರೂ ನಕ್ಷೆಯಲ್ಲಿಲ್ಲ. ಅದನ್ನು ನಂಬಲು ಮಾತ್ರ ನನಗೆ ಮೂರು ವಾರ ಬೇಕಾಯಿತು.

ಮಗಳು ಗಾಡಿಯ ವಿಷಯ ಕೇಳಿದಳು. ಅವರು ರಸ್ತೆಯ ಬದಿಯಲ್ಲೇ ನಿಂತುಬಿಟ್ಟರು. ಜಾವಾ ಗಾಡಿಯಲ್ಲಿ ಕಿಕ್ ಹೊಡೆಯುವ ಲಿವರೂ ಗೇರ್ ಹಾಕುವ ಲಿವರೂ ಒಂದೇ. ಗಾಳಿಯಲ್ಲೇ ಒಂದು ಕಿಕ್ ಹೊಡೆದು, ಲಿವರನ್ನು ಮುಂದಕ್ಕೆ ಮಡಚಿ, ಪಾದದಿಂದ ಗೇರ್ ಹಾಕಿ ತೋರಿಸಿದರು. ಸ್ವಂತ ಮಗನ ಹೆಸರು ಮರೆತ ಮನುಷ್ಯ ಒಂದು ಹೆಜ್ಜೆಯೂ ತಪ್ಪಲಿಲ್ಲ. ‘ಬೇರೆ ಯಾವ ಗಾಡಿಯಲ್ಲಿದೆ ಹೇಳು?’ ಎಂದು ಅವಳನ್ನೇ ಪ್ರಶ್ನೆ ಕೇಳಿದರು. ಆಮೇಲೆ ಕಾಲು ಸೋತಿತು. ‘ಕಾಫಿ ಕುಡಿದು ಬರೋಣವೇ?’ ಎಂದಾಗ ಒಪ್ಪಿ ಮನೆಯ ಕಡೆ ತಿರುಗಿದರು.

ಮನೆಯಲ್ಲಿ ಅವರ ಹೆಂಡತಿ ಚಾಪೆಯ ಮೇಲೆ ನಿದ್ದೆ ಹೋಗಿದ್ದರು. ಗಂಡ ಎಲ್ಲಿ ಬಾಗಿಲು ತೆಗೆದು ಹೊರಟುಬಿಡುತ್ತಾರೋ ಎಂಬ ದಿಗಿಲಿನಲ್ಲಿ ಆಕೆ ಹಗಲು ಕಣ್ಣು ಮುಚ್ಚಿ ಎರಡು ವರ್ಷವಾಗಿತ್ತಂತೆ. ಮರುವಾರ, ಮನೆಗೆ ಹತ್ತಿರದಲ್ಲೇ ಇದ್ದರೂ ಹೋಗಲಾಗದಿದ್ದ ಒಂಟಿಕೊಪ್ಪಲಿನ ವೆಂಕಟರಮಣಸ್ವಾಮಿ ದೇವಸ್ಥಾನಕ್ಕೆ ಹೋಗಿಬಂದರು. ನಾವು ಕೊಟ್ಟ ಎರಡು ಗಂಟೆ ನಿಜವಾಗಿ ಸೇರಿದ್ದು ಯಾರಿಗೆ ಎಂಬುದು ಆಗ ತಿಳಿಯಿತು.

ಪ್ರಸಾದ ಕೊಡುತ್ತ ಆಕೆ, ‘ಇವರು ಹುಟ್ಟಿದ್ದು ಮಿಷನ್ ಆಸ್ಪತ್ರೆಯಲ್ಲಿ’ ಎಂದರು. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಗೆ ಊರಿನವರ ಬಾಯಲ್ಲಿ ಅದೇ ಹೆಸರು. ಅಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಪುಸ್ತಕಗಳಲ್ಲಿ ಬರೆದಿಟ್ಟಿದ್ದರು. 1990ರ ದಶಕದಲ್ಲಿ ಸಂಶೋಧಕರು ಆ ಪುಸ್ತಕ ಹಿಡಿದು, ಅಷ್ಟರಲ್ಲಿ ನಡುವಯಸ್ಸು ತಲುಪಿದ್ದ ಆ ‘ಕೂಸು’ಗಳಲ್ಲಿ 517 ಮಂದಿಯನ್ನು ಪತ್ತೆಹಚ್ಚಿದರು. ಹುಟ್ಟುವಾಗ ತೂಕ ಕಡಿಮೆಯಿದ್ದವರಲ್ಲಿ ಹೃದಯದ ಕಾಯಿಲೆ ಹೆಚ್ಚೆಂದು 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಮಾಡಿದರು. ಮುಂದೆ, 1934ರಿಂದ 1966ರ ನಡುವೆ ಅಲ್ಲಿ ಹುಟ್ಟಿದವರ ನೆನಪಿನ ಶಕ್ತಿಯನ್ನೂ ಪರೀಕ್ಷಿಸುವ ಅಧ್ಯಯನ ಇದೇ ಊರಿನಲ್ಲಿ ನಡೆಯಿತು. ತೊಟ್ಟಿಲಲ್ಲಿ ತೂಗಿದವರನ್ನು ಮುಪ್ಪಿನಲ್ಲಿ ಮತ್ತೆ ವಿಚಾರಿಸಿದ ಊರು ಮೈಸೂರು.

ವಿದ್ಯಾರ್ಥಿಗಳಿಗೆ ಇಲ್ಲಿ ಪಾಠವೂ ಇದೆ. ಮುಪ್ಪಿನ ಮರೆವಿನ ಬೀಜ ಬಾಲ್ಯ, ಯೌವನದಲ್ಲೇ ಬಿದ್ದಿರಬಹುದು. ಕಡಿಮೆ ಓದು, ಕಿವಿ–ಕಣ್ಣಿನ ದೋಷ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ಒಂಟಿತನ ಮುಂತಾದ 14 ಕಾರಣಗಳನ್ನು ಸರಿಪಡಿಸಿದರೆ ಜಗತ್ತಿನ ಡಿಮೆನ್ಶಿಯಾದಲ್ಲಿ ಶೇಕಡಾ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು 2024ರ ಲ್ಯಾನ್ಸೆಟ್ ಆಯೋಗ ಹೇಳಿತು. ಹೆಲ್ಮೆಟ್ ಹಾಕಿಕೊಳ್ಳುವುದೂ ಈ ಪಟ್ಟಿಗೆ ಸೇರಿದ್ದೇ, ಏಕೆಂದರೆ ತಲೆಗೆ ಬಿದ್ದ ಪೆಟ್ಟೂ ಒಂದು ಕಾರಣ.

ಹೋಗುವ ಮನಸ್ಸಾದರೆ ಒಬ್ಬರೇ ಹೋಗಬೇಡಿ, ಜೋಡಿಯಾಗಿ ಹೋಗಿ. ಮಾತ್ರೆ ಕೊಡುವ, ಸ್ನಾನ ಮಾಡಿಸುವ ಜವಾಬ್ದಾರಿ ತೆಗೆದುಕೊಳ್ಳಬೇಡಿ. ಆ ಮನೆಯ ಮಾತನ್ನು ಹೊರಗೆ ಆಡಬೇಡಿ, ಫೋಟೋ ತೆಗೆಯಬೇಡಿ. ಮುಖ್ಯವಾಗಿ, ಬರುತ್ತೇನೆಂದ ದಿನ ತಪ್ಪಿಸಬೇಡಿ. ರೋಗಿ ನಿಮ್ಮನ್ನು ಮರೆತರೂ ಮನೆಯವರು ಗಡಿಯಾರ ನೋಡುತ್ತಿರುತ್ತಾರೆ. ಹಿರಿಯರ ಯಾವುದೇ ತೊಂದರೆಗೆ 14567 ಎಂಬ ರಾಷ್ಟ್ರೀಯ ಸಹಾಯವಾಣಿ ಇದೆಯೆಂಬುದನ್ನೂ ನೆನಪಿಡಿ.

ಮಗಳನ್ನು ಒಂದು ಸಂಶಯ ಕಾಡುತ್ತಿತ್ತು. ಇಲ್ಲದ ಕಾರ್ಖಾನೆಗೆ ಜೊತೆ ಬರುತ್ತೇನೆಂದು ಅವರಿಗೆ ಸುಳ್ಳು ಹೇಳಿದಂತಾಗಲಿಲ್ಲವೇ? ನನ್ನಲ್ಲಿ ಉತ್ತರವಿರಲಿಲ್ಲ. ಕಳೆದ ಶನಿವಾರ ಕಾಫಿ ಮುಗಿಸಿ ಹೊರಟಾಗ ಯಜಮಾನರು ಅವಳನ್ನು ಕರೆದು ಆತಂಕದಿಂದ ಕೇಳಿದರು: ‘ನಾಳೆ ಯಾವ ಶಿಫ್ಟು ಹಾಕಿದ್ದಾರೆ?’

‘ನಾಳೆ ಭಾನುವಾರ ಸಾರ್. ರಜೆ.’

‘ಹೌದಲ್ಲ!’ ಎಂದು ನಕ್ಕರು. ಚಪ್ಪಲಿ ಬಿಟ್ಟು ಒಳಗೆ ಹೋಗಿ ನಿಶ್ಚಿಂತೆಯಿಂದ ಕುಳಿತರು. ಮಗಳು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ.