ಆಟ ಬಿಟ್ಟ ಮೇಲಿನ ಮಾತು

ಚಲಚ್ಚಿತ್ರವನ್ನು ನೋಡಿ ಬಂದವರು ಅದರ ವಿಷಯವಾಗಿ ಆಡುವ ಮಾತಿಗೆ ಹಿರಿಯರು ಕಾಡುಹರಟೆಯೆಂದು ಹೆಸರಿಟ್ಟಿರುವರು. ಆ ನಿಂದೆಯಲ್ಲಿ ಸ್ವಲ್ಪ ನಿಜವಿಲ್ಲದೆ ಇಲ್ಲ. ಈ ಮಾತಿಗೆ ವಿಷಯನಿಯಮವೂ ಇಲ್ಲ, ಕಾಲನಿಯಮವೂ ಇಲ್ಲ. ನಾಯಕಿಯ ಸೀರೆಯ ಅಂಚಿನಿಂದ ಹೊರಟು, ಹಾಡಿನ ರಾಗಕ್ಕೆ ಹಾರಿ, ಯಾರದೋ ಮದುವೆಯ ಸುದ್ದಿಯಲ್ಲಿ ತಂಗಿ, ಕಡೆಗೆ ಅಕ್ಕಿಯ ಬೆಲೆಗೆ ಬಂದು ನಿಲ್ಲುವುದು. ಆದರೂ ಹರಟೆಯನ್ನು ತೊರೆದ ಊರನ್ನು ಯಾರೂ ಕಂಡಂತಿಲ್ಲ. ಮನುಷ್ಯನು ರಸವನ್ನು ಒಬ್ಬನೇ ಸವಿದು ಸುಮ್ಮನಿರಲಾರ. ನೆರೆಯವನಿಗೆ ಹೇಳಿದಾಗಲೇ ಅವನಿಗೆ ತೃಪ್ತಿ.

ಬೆಂಗಳೂರಿನ ಪಡುವಣ ಬಡಾವಣೆಗಳಲ್ಲಿ ಈ ಹರಟೆಗೆ ಒಳ್ಳೆಯ ನೆಲೆ ದೊರೆಯಿತು. ರಾಜಗೋಪಾಲಾಚಾರ್ಯರ ಹೆಸರನ್ನು ಹೊತ್ತು ಕೈಗಾರಿಕೆಯ ಉಪನಗರವಾಗಿ ಬೆಳೆದ ರಾಜಾಜಿನಗರಕ್ಕೂ, ಅದರ ಆಚೆಗೆ ಹಬ್ಬಿದ ಬಸವೇಶ್ವರನಗರ ವಿಜಯನಗರಗಳಿಗೂ ಬಂದು ನೆಲಸಿದವರಲ್ಲಿ ಹಳ್ಳಿಗಳನ್ನು ಬಿಟ್ಟು ಬಂದವರು ಬಹಳ ಮಂದಿ. ಅವರ ಅರಳಿಕಟ್ಟೆ ಊರಿನಲ್ಲಿಯೇ ಉಳಿಯಿತು. ಅದು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಮನೆಯ ಮುಂದಿನ ಮೆಟ್ಟಿಲೂ ಹೋಟೆಲಿನ ಕಾಫಿಯ ಮೇಜೂ ವಹಿಸಿಕೊಂಡವು. ನವರಂಗ್ ಎಂಬ ಚಿತ್ರಮಂದಿರದ ಹೆಸರು ವೃತ್ತಕ್ಕೂ ಬಸ್ಸಿನ ನಿಲ್ದಾಣಕ್ಕೂ ಅಂಟಿಕೊಂಡಿತು. ರಾಜಾಜಿನಗರದ ದೊಡ್ಡ ಬೀದಿಗೆ ಡಾ. ರಾಜ್‌ಕುಮಾರ್ ರಸ್ತೆಯೆಂದು ಹೆಸರಾಯಿತು. ನಟರೊಬ್ಬರ ಹೆಸರನ್ನು ತಮ್ಮ ವಿಳಾಸದಲ್ಲಿ ಬರೆಯುವ ಜನರು ಅವರ ವಿಷಯವಾಗಿ ಮಾತನಾಡದೆ ಇರುವುದು ಹೇಗೆ?

೧೯೭೨ನೆಯ ಇಸವಿ ಈ ಮಾತಿನ ಸುಗ್ಗಿಯ ಕಾಲ. ಟಿ. ಕೆ. ರಾಮರಾಯರ ಕಾದಂಬರಿಯನ್ನು ಆಧರಿಸಿ ಸಿದ್ಧಲಿಂಗಯ್ಯನವರು ನಿರ್ದೇಶಿಸಿದ ‘ಬಂಗಾರದ ಮನುಷ್ಯ’ವೂ, ತ. ರಾ. ಸುಬ್ಬರಾಯರ ಮೂರು ಕಾದಂಬರಿಗಳನ್ನು ಹೆಣೆದು ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ ‘ನಾಗರಹಾವು’ ಚಿತ್ರವೂ ತೆರೆಗೆ ಬಂದುದು ಆ ವರ್ಷವೇ. ಮೊದಲನೆಯದು ನಗರದ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷಗಳ ಕಾಲ ನಡೆಯಿತು. ಅದರ ಕುರಿತ ಮಾತಾದರೋ ಇನ್ನೂ ನಿಂತಿಲ್ಲ. ಅಕ್ಕನ ಸಂಸಾರವನ್ನು ಎತ್ತಿ ನಿಲ್ಲಿಸಿ, ಬರಡು ನೆಲವನ್ನು ಹಸಿರು ಮಾಡಿದ ರಾಜೀವನು, ಅಕ್ಕನ ಮಗನ ಕಟು ನುಡಿಗೆ ನೊಂದು ಊರನ್ನೇ ಬಿಟ್ಟು ಹೋಗುವನು. ಹೋದದ್ದು ಸರಿಯೆ? “ಹೋದದ್ದೇ ಸರಿ, ಮಾನ ಉಳಿಯಿತು” ಎನ್ನುವರು ಮನೆಯ ಯಜಮಾನರು. “ಮಾನವೇನೋ ಉಳಿಯಿತು, ಆ ಅಕ್ಕನ ಗತಿಯೇನು? ನಾಳೆ ಗದ್ದೆಗೆ ನೀರು ಕಟ್ಟುವವರು ಯಾರು?” ಎನ್ನುವರು ಒಳಗಿನಿಂದ ಮನೆಯಾಕೆ. ಒಂದು ಚಿತ್ರಕ್ಕೆ ಇಬ್ಬರೂ ಹೋಗಿಬಂದು, ಎರಡು ಚಿತ್ರಗಳನ್ನು ನೋಡಿದಂತೆ ಮಾತನಾಡುವರು.

‘ನಾಗರಹಾವಿ’ನ ತಕರಾರು ಇನ್ನೂ ಬಿಗಿಯಾದುದು. ಚಾಮಯ್ಯ ಮೇಷ್ಟರು ಸಮಾಜದ ಕಟ್ಟುಪಾಡನ್ನು ಹೇಳಿ, ತಾವು ಮಗನಂತೆ ಕಂಡ ರಾಮಾಚಾರಿಯ ಪ್ರೇಮವನ್ನು ಬಿಡಿಸುವರು. ಅಲಮೇಲುವಿನ ಬಾಳು ಹಾಳಾಗುವುದು. ಕೆ. ಎಸ್. ಅಶ್ವತ್ಥರು ಮೇಷ್ಟರನ್ನು ಎಷ್ಟು ಸೌಮ್ಯರನ್ನಾಗಿ ಅಭಿನಯಿಸಿರುವರೆಂದರೆ ಅವರ ಮೇಲೆ ಕೋಪಿಸಿಕೊಳ್ಳುವುದೇ ಕಷ್ಟ. ಆದರೆ ಒಳ್ಳೆಯವನು ಒಳ್ಳೆಯ ಮನಸ್ಸಿನಿಂದಲೇ ಮತ್ತೊಬ್ಬರ ಬಾಳನ್ನು ಕೆಡಿಸಬಹುದೆಂಬುದು ಅಲ್ಲಿ ಕಣ್ಣಿಗೆ ಕಟ್ಟುವುದು. ಮನೆಯಲ್ಲಿ ಬೆಳೆದ ಮಗಳು ತಾನು ಮೆಚ್ಚಿದವನ ಹೆಸರನ್ನು ತಂದೆಯ ಮುಂದೆ ಎತ್ತಲಾರಳು. ಅಲಮೇಲುವಿನ ಹೆಸರನ್ನು ಎತ್ತಬಲ್ಲಳು. “ಮೇಷ್ಟರು ಮಾಡಿದ್ದು ತಪ್ಪಲ್ಲವೆ ಅಪ್ಪಾ?” ಎಂದು ಅವಳು ಕೇಳುವಳು. ತಂದೆಗೂ ಪ್ರಶ್ನೆಯ ಒಳಗುಟ್ಟು ತಿಳಿಯದೆ ಇರದು. ಅವನು ತಡೆದು ಕೊಡುವ ಉತ್ತರವು ಚಿತ್ರವಿಮರ್ಶೆಯ ವೇಷದಲ್ಲಿರುವ ಮನೆಯ ಮಾತು. ಕಾಡುಹರಟೆಯ ಪ್ರಯೋಜನವೇನೆಂದು ಕೇಳುವವರು ಇದನ್ನು ಯೋಚಿಸಬೇಕು.

ಇಂತಹ ಮಾತಿಗೆ ಪಾಂಡಿತ್ಯ ಬೇಡವೆ ಎಂದರೆ, ಭರತಮುನಿಯೇ ಉದಾರವಾಗಿ ನಡೆದುಕೊಂಡಿರುವನು. ನಾಟ್ಯಶಾಸ್ತ್ರದಲ್ಲಿ ಪ್ರಯೋಗದ ಸಿದ್ಧಿಯನ್ನು ಹೇಳುವೆಡೆ, ಅದನ್ನು ತೂಗುವ ಪ್ರಾಶ್ನಿಕರನ್ನು ಅವನು ಎಣಿಸುವನು. ಅವರಲ್ಲಿ ಯಜ್ಞವನ್ನು ಬಲ್ಲವನೂ ವ್ಯಾಕರಣವನ್ನು ಬಲ್ಲವನೂ ಇರುವಂತೆಯೇ, ಬಿಲ್ಲುಗಾರನೂ ಚಿತ್ರಕಾರನೂ ವೇಶ್ಯೆಯೂ ರಾಜಸೇವಕನೂ ಇರುವರು. ತನ್ನ ತನ್ನ ಕಸುಬಿನ ವಿಷಯದಲ್ಲಿ ಅವರವರ ಮಾತೇ ಪ್ರಮಾಣ. ಈ ಲೆಕ್ಕದಲ್ಲಿ ರಾಜಾಜಿನಗರದ ಕಾರ್ಖಾನೆಯ ಕೆಲಸಗಾರನು ತೆರೆಯ ಮೇಲಿನ ಯಂತ್ರದ ಸದ್ದು ಸುಳ್ಳೆಂದರೆ, ಬೇಸಾಯ ಬಿಟ್ಟು ಬಂದ ಮುದುಕನು ನಟನು ನೇಗಿಲು ಹಿಡಿದ ರೀತಿಯನ್ನು ಕಂಡು ನಕ್ಕರೆ, ಅವರನ್ನು ಅಲ್ಲಗಳೆಯುವ ಅಧಿಕಾರ ಯಾವ ವಿದ್ವಾಂಸನಿಗೂ ಇಲ್ಲ.

ಹರಟೆಯನ್ನು ಕೆಡಿಸುವುದು ಅಜ್ಞಾನವಲ್ಲ, ಪಕ್ಷ. ‘ನಮ್ಮವರು’, ‘ನಿಮ್ಮವರು’ ಎಂಬ ಮಾತು ಬಂದೊಡನೆ ರಾಜೀವನೂ ರಾಮಾಚಾರಿಯೂ ಮರೆಯಾಗಿ ಬಾವುಟಗಳು ಮಾತ್ರ ಉಳಿಯುವವು. ಅಭಿಮಾನವು ಬುದ್ಧಿಯನ್ನು ಮೀರಿದರೆ ಏನಾಗುವುದೆಂಬುದನ್ನು ೨೦೦೬ರ ಏಪ್ರಿಲ್ ತಿಂಗಳಲ್ಲಿ ನಗರವು ಕಂಡಿತು. ರಾಜ್‌ಕುಮಾರರು ತೀರಿಕೊಂಡಾಗ ಎದ್ದ ಗಲಭೆಯಲ್ಲಿ ಒಬ್ಬ ಪೊಲೀಸಿನವನೂ ಸೇರಿ ಹಲವರು ಪ್ರಾಣ ಕಳೆದುಕೊಂಡರು. ಕಂಠೀರವ ಸ್ಟುಡಿಯೋದಲ್ಲಿ ಅವರ ಸಮಾಧಿಯಾಯಿತು. ೨೦೨೧ರ ಅಕ್ಟೋಬರ್‌ನಲ್ಲಿ ಅಗಲಿದ ಮಗ ಪುನೀತರಿಗೂ ಅಲ್ಲಿಯೇ ಸ್ಥಳವಾಯಿತು.

ಕೆಂಗೇರಿಯ ಕಡೆಯ ಕಥೆ ಬೇರೆ. ‘ಬಂಗಾರದ ಮನುಷ್ಯ’ದಲ್ಲಿ ರಾಚೂಟಪ್ಪನಾಗಿ ನಗಿಸಿದ ಬಾಲಕೃಷ್ಣರು ಕಟ್ಟಿದ ಅಭಿಮಾನ್ ಸ್ಟುಡಿಯೋದಲ್ಲಿ, ರಾಮಾಚಾರಿಯಾಗಿ ಹೆಸರಾದ ವಿಷ್ಣುವರ್ಧನರ ಅಂತ್ಯಕ್ರಿಯೆ ೨೦೦೯ರ ಡಿಸೆಂಬರ್‌ನಲ್ಲಿ ನಡೆಯಿತು. ನೆಲದ ವ್ಯಾಜ್ಯದಿಂದ ಸ್ಮಾರಕವು ಅಲ್ಲಿ ಏಳದೆ, ೨೦೨೩ರಲ್ಲಿ ಮೈಸೂರಿನಲ್ಲಿ ಎದ್ದಿತು. ೨೦೨೫ರ ಆಗಸ್ಟ್‌ನಲ್ಲಿ ಕೆಂಗೇರಿಯ ಕಡೆಯ ಸಮಾಧಿಯನ್ನೂ ಕೆಡವಿಹಾಕಿದರು. ಅನೇಕರು ನೊಂದರು, ನೋಯುವುದು ಸಹಜವೇ. ಕಲ್ಲಿಗೆ ನೆಲ ಬೇಕು, ನೆಲಕ್ಕೆ ಒಡೆಯನಿರುವನು. ಚಾಮಯ್ಯ ಮೇಷ್ಟರ ತಪ್ಪು ಒಪ್ಪುಗಳನ್ನು ಕುರಿತ ವಾದಕ್ಕೆ ಅಂಗೈಯಗಲದ ನೆಲವೂ ಬೇಡ.

ಆ ವಾದಕ್ಕೆ ಈಗ ಬಂದಿರುವ ಕೊರತೆ ಬೇರೆ ಬಗೆಯದು. ಮನೆಯಲ್ಲಿ ನಾಲ್ವರಿದ್ದರೆ ನಾಲ್ಕು ಮೊಬೈಲುಗಳಲ್ಲಿ ನಾಲ್ಕು ಚಿತ್ರಗಳು ನಡೆಯುತ್ತಿರುವವು. ಒಬ್ಬರು ನೋಡಿದುದನ್ನು ಇನ್ನೊಬ್ಬರು ನೋಡದೆ ಇರುವಾಗ ಮಾತಿಗೆ ಮೊದಲೆಲ್ಲಿ? ವಿದ್ಯಾವಂತ ಗೃಹಸ್ಥರು ಮಕ್ಕಳ ನೋಟವನ್ನು ನಿಂದಿಸುವುದನ್ನು ಬಿಟ್ಟು, ವಾರಕ್ಕೊಂದು ಸಂಜೆಯಾದರೂ ಅವರು ಮೆಚ್ಚಿದ ಚಿತ್ರವನ್ನು ಅವರೊಡನೆಯೇ ಕುಳಿತು ನೋಡುವುದು ಮೇಲು. ಊಟಕ್ಕೆ ಕುಳಿತಾಗ ಮಗಳು ಏನನ್ನಾದರೂ ಕೇಳಬಹುದು. ಕೇಳಿದರೆ, ತಡೆದಾದರೂ ಉತ್ತರ ಕೊಡಬೇಕು.