ಕೆರೆಯ ಗಾಳಿ

ಸಂಜೆ ಬಿಟಿಎಂ ಲೇಔಟ್‌ನ ಮಡಿವಾಳ ಕೆರೆ. ಸುಡುವ ಬಿಸಿಲು ಇದ್ದಕ್ಕಿದ್ದಂತೆ ಮಾಯ, ಮೋಡ, ನೀರ ಮೇಲೆ ಕಪ್ಪನೆಯ ಪಟ್ಟೆಯೊಂದು ಓಡಿ ಬರುತ್ತಿದೆ. ನೋಡುವವರಿಗೆ ಅದು ಬರೀ ಅಲೆ. ಹಾಯಿದೋಣಿ ನಡೆಸುವವರಿಗೆ ಅದು ಗಾಳಿ ಬರುವ ಮುನ್ಸೂಚನೆ.

ಕಡಲಿಗಿಂತ ಕೆರೆಯಲ್ಲಿ ಹಾಯಿದೋಣಿ ಓಡಿಸುವುದು ಸುಲಭ ಎಂದು ಬಹಳ ಜನ ತಿಳಿದಿದ್ದಾರೆ. ಅಲೆಯ ಮಟ್ಟಿಗೆ ನಿಜ. ಗಾಳಿಯ ವಿಷಯದಲ್ಲಿ ಉಲ್ಟಾ! ಕಡಲ ಗಾಳಿ ಬಹುಪಾಲು ಒಂದೇ ದಿಕ್ಕು ಹಿಡಿದು ಬೀಸುತ್ತದೆ. ಒಳನಾಡಿನಲ್ಲಿ ಗುಡ್ಡ, ಮರ, ಕಟ್ಟಡ ದಾಟಿ ಬರುವಷ್ಟರಲ್ಲಿ ಅದು ತಿರುಗುತ್ತದೆ, ನಿಲ್ಲುತ್ತದೆ, ಮತ್ತೆ ರಪ್ಪನೆ ಬಡಿಯುತ್ತದೆ. ಮುಂದಿದ್ದ ದೋಣಿ ಅರೆಕ್ಷಣದಲ್ಲಿ ಹಿಂದೆ. ಇಂಥ ಚಂಚಲ ಗಾಳಿಯಲ್ಲೇ ಹೈದರಾಬಾದಿನ ಹುಸೇನ್ ಸಾಗರ ಕೆರೆಯಲ್ಲಿ ‘ಸೇಲಿಂಗ್ ವೀಕ್’ ಎಂಬ ಹಾಯಿದೋಣಿ ಸ್ಪರ್ಧೆ ನಡೆಯುತ್ತದೆ, ಅದೂ ಮುಂಗಾರಿನ ನಡುವೆ.

ಕೆರೆಯ ಗಾಳಿ ಕಲಿಸುವ ಪಾಠ ವ್ಯರ್ಥವಾಗುವುದಿಲ್ಲ. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಗೇಮ್ಸ್‌ನಲ್ಲಿ ಹಾಯಿದೋಣಿ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದ ನೇಹಾ ಠಾಕೂರ್ ಪಳಗಿದ್ದು ಭೋಪಾಲದ ದೊಡ್ಡ ಕೆರೆಯಲ್ಲಿ. ಕಡಲಿಲ್ಲದ ಮಧ್ಯಪ್ರದೇಶದ ಹುಡುಗಿ!

ನಮ್ಮಲ್ಲೇನು ಕಡಿಮೆ? ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಯೋಧರು ಹಾಯಿ ಬಿಚ್ಚುತ್ತಾರೆ, ಕೆ.ಆರ್.ಎಸ್. ಹಿನ್ನೀರಿನಲ್ಲಿ ಸ್ಪರ್ಧೆಗಳೂ ನಡೆದಿವೆ. ಆದರೆ ಜಯನಗರ, ಬನಶಂಕರಿಯ ಮಕ್ಕಳಲ್ಲಿ ಎಷ್ಟು ಮಂದಿಗೆ ಇದು ಗೊತ್ತು? ಕ್ರಿಕೆಟ್ ಕೋಚಿಂಗ್ ಬೀದಿಗೊಂದಿದೆ. ಸಾರಕ್ಕಿ, ಮಡಿವಾಳದಂಥ ಕೆರೆಗಳ ನೀರು ಶುದ್ಧವಾದರೆ, ಹಕ್ಕಿಗಳ ಜಾಗ ಬಿಟ್ಟು ಒಂದು ಮೂಲೆಯಲ್ಲಾದರೂ ಮಕ್ಕಳಿಗೆ ಪುಟ್ಟ ಹಾಯಿದೋಣಿ ಕಲಿಸಬಾರದೇ?

ಕೆ.ಆರ್.ಎಸ್.ನಲ್ಲಿ ಸ್ಪರ್ಧೆ ಕಂಡವರು ಯಾರಾದರೂ ಇದ್ದೀರಾ? ಆ ದಿನ ಗಾಳಿ ಹೇಗಿತ್ತು, ಹೇಳಿ.