ಬಿಭಾ ಮತ್ತು ಸಂತಮಸ

ಬಿಭಾ ಒಂದು ನಕ್ಷತ್ರ. ಸಂತಮಸ ಅದನ್ನು ಒತ್ತಿಕೊಂಡೇ ಸುತ್ತುವ ದೈತ್ಯ ಗ್ರಹ. ಭೂಮಿಯಿಂದ ಸುಮಾರು 340 ಜ್ಯೋತಿರ್ವರ್ಷ ದೂರದಲ್ಲಿ, ಸಿಂಹ ರಾಶಿಯ ಕೆಳಗಿರುವ ಸೆಕ್ಸ್‌ಟನ್ಸ್ ಎಂಬ ಮಂಕು ನಕ್ಷತ್ರಪುಂಜದಲ್ಲಿ ಇವುಗಳ ವಾಸ. ನಕ್ಷತ್ರ ಸೂರ್ಯನಿಗಿಂತ ತುಸು ಭಾರ, ತುಸು ಬಿಸಿ. ಕಾಂತಿಮಾನ ಸುಮಾರು 8.7, ಬರಿಗಣ್ಣಿಗೆ ದಕ್ಕುವುದಿಲ್ಲ, ಆದರೆ ಒಂದು ಪುಟ್ಟ ದೂರದರ್ಶಕ ಸಾಕು. ಗ್ರಹವನ್ನಂತೂ ಯಾರೂ ನೇರವಾಗಿ ಕಂಡಿಲ್ಲ. ಅದು ಅಲ್ಲಿದೆ ಎನ್ನುವುದಕ್ಕೆ ನಕ್ಷತ್ರದ ಓಲಾಟವೇ ಸಾಕ್ಷಿ.

ಸೆಕ್ಸ್‌ಟನ್ಸ್ ಹಳೆಯ ಪುರಾಣದ ಪುಂಜವಲ್ಲ, ಒಂದು ಉಪಕರಣದ ಸ್ಮಾರಕ. ಇಂದಿನ ಪೋಲೆಂಡಿನ ಗ್ಡಾನ್ಸ್ಕ್ ನಗರದ ಖಗೋಳವಿಜ್ಞಾನಿ ಯೊಹಾನೆಸ್ ಹೆವೆಲಿಯಸ್ ತಮ್ಮ ಮನೆಯ ಮಾಳಿಗೆಯ ಮೇಲೆ ವೀಕ್ಷಣಾಲಯ ಕಟ್ಟಿ, ದೊಡ್ಡ ಸೆಕ್ಸ್‌ಟೆಂಟ್ ಹಿಡಿದು ಬರಿಗಣ್ಣಿನಲ್ಲೇ ನಕ್ಷತ್ರಗಳ ಸ್ಥಾನ ಅಳೆಯುತ್ತಿದ್ದರು. 1679ರ ಬೆಂಕಿಯಲ್ಲಿ ವೀಕ್ಷಣಾಲಯವೂ ಸಾಧನಗಳೂ ಸುಟ್ಟುಹೋದವು. ಕಳೆದುಕೊಂಡ ಸಾಧನವನ್ನು ಅವರು ಆಕಾಶದಲ್ಲಿ ಇರಿಸಿದರು. 1687ರಲ್ಲಿ ಅವರು ತೀರಿಕೊಂಡ ಮೇಲೆ, ಅವರ ಜೊತೆಗೆ ಕೂತು ಅಳತೆ ಮಾಡುತ್ತಿದ್ದ ಪತ್ನಿ ಎಲಿಸಬೆತ್ ಉಳಿದ ಕೆಲಸ ಮುಗಿಸಿ 1690ರಲ್ಲಿ ಅವರ ನಕ್ಷತ್ರಪಟ್ಟಿಯನ್ನು ಅಚ್ಚುಹಾಕಿಸಿದರು. ಈಗ ನಮ್ಮ ಕಣ್ಣಿಗೆ ಬೀಳುವ ಬಿಭಾದ ಬೆಳಕು ಅಲ್ಲಿಂದ ಹೊರಟದ್ದು ಹೆಚ್ಚುಕಡಿಮೆ ಆ ದಂಪತಿಯ ಕಾಲದಲ್ಲೇ.

ನಕ್ಷತ್ರದ ಹಳೆಯ ಗುರುತು ಎಚ್‌ಡಿ 86081. ಹಾರ್ವರ್ಡ್ ವೀಕ್ಷಣಾಲಯ 1918ರಿಂದ 1924ರವರೆಗೆ ಪ್ರಕಟಿಸಿದ ಹೆನ್ರಿ ಡ್ರೇಪರ್ ಪಟ್ಟಿಯ ಸಂಖ್ಯೆ ಅದು. ಗಾಜಿನ ಫಲಕಗಳ ಮೇಲೆ ಮೂಡಿದ ರೋಹಿತಗಳನ್ನು ಒಂದೊಂದಾಗಿ ನೋಡಿ, ಎರಡು ಲಕ್ಷಕ್ಕೂ ಹೆಚ್ಚು ನಕ್ಷತ್ರಗಳನ್ನು ವರ್ಗೀಕರಿಸಿದವರು ಆ್ಯನಿ ಜಂಪ್ ಕ್ಯಾನನ್. ಕಿವಿ ಬಹುಮಟ್ಟಿಗೆ ಕೇಳಿಸದಾಕೆ. ಲೆಕ್ಕ ಬರೆದವರು ಕಡಿಮೆ ಸಂಬಳಕ್ಕೆ ದುಡಿಯುತ್ತಿದ್ದ ಹೆಂಗಸರು, ಹಣ ಕೊಟ್ಟವರು ಡ್ರೇಪರ್ ಅವರ ವಿಧವೆ, ಹೆಸರು ಮಾತ್ರ ಡ್ರೇಪರ್ ಅವರದು. ವಿಜ್ಞಾನದ ರಟ್ಟುಗಳ ಮೇಲೆ ಇಂಥದ್ದು ಹೊಸತೇನಲ್ಲ.

ಗುರುವಿನಂಥ ದೈತ್ಯ ಗ್ರಹಗಳು ನಕ್ಷತ್ರದ ಮಗ್ಗುಲಲ್ಲೇ ಇರಬಹುದು ಎಂದು ಆಟೊ ಸ್ಟ್ರೂವ್ 1952ರಲ್ಲೇ ಬರೆದಿದ್ದರು. ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ನಮ್ಮ ಸೌರಮಂಡಲದಲ್ಲಿ ದೊಡ್ಡ ಗ್ರಹಗಳೆಲ್ಲ ದೂರದ ತಣ್ಣನೆಯ ಜಾಗದಲ್ಲಿವೆ. ಬೇರೆಡೆಯೂ ಹಾಗೆಯೇ ಇರಬೇಕೆಂಬ ನಂಬಿಕೆ ಗಟ್ಟಿಯಾಗಿತ್ತು. 1995ರಲ್ಲಿ ಮಿಶೆಲ್ ಮೇಯರ್ ಮತ್ತು ಡಿಡಿಯೆ ಕೆಲೋ 51 ಪೆಗಾಸಿ ಎಂಬ ನಕ್ಷತ್ರದ ಸುತ್ತ ಸುಮಾರು ನಾಲ್ಕು ದಿನಕ್ಕೊಮ್ಮೆ ತಿರುಗುವ ದೈತ್ಯನನ್ನು ಪತ್ತೆಹಚ್ಚಿದಾಗ ಆ ನಂಬಿಕೆ ಕುಸಿಯಿತು. ಇಂಥವಕ್ಕೆ ‘ಬಿಸಿ ಗುರು’ ಎಂಬ ಹೆಸರು ಬಿತ್ತು.

ಸಂತಮಸ ಅದೇ ಕುಲದ್ದು. ಲೋಹಾಂಶ ಹೆಚ್ಚಿರುವ ನಕ್ಷತ್ರಗಳಲ್ಲಿ ದೈತ್ಯ ಗ್ರಹ ಸಿಗುವ ಸಂಭವ ಹೆಚ್ಚು ಎಂಬ ತಿಳಿವಳಿಕೆಯ ಮೇಲೆ ಇನ್ನೂ ಎರಡು ಸಾವಿರ ನಕ್ಷತ್ರಗಳನ್ನು ಆರಿಸಿ ಶೋಧಿಸುತ್ತಿದ್ದ ಎನ್‌2ಕೆ ತಂಡ, ಹವಾಯಿಯ ಕೆಕ್ ದೂರದರ್ಶಕದ ನೆರವಿನಿಂದ 2006ರಲ್ಲಿ ಇದನ್ನು ಕಂಡುಹಿಡಿಯಿತು. ಗ್ರಹ ಸುತ್ತುವಾಗ ನಕ್ಷತ್ರವೂ ಸುಮ್ಮನಿರುವುದಿಲ್ಲ. ಇಬ್ಬರ ನಡುವಿನ ತೂಕದ ಬಿಂದುವನ್ನು ತಾನೂ ಸಣ್ಣದಾಗಿ ಸುತ್ತುತ್ತದೆ. ನಮ್ಮತ್ತ ಸರಿದಾಗ ಅದರ ರೋಹಿತದ ಗೆರೆಗಳು ನೀಲಿಯ ಕಡೆಗೂ, ದೂರ ಸರಿದಾಗ ಕೆಂಪಿನ ಕಡೆಗೂ ಕೂದಲೆಳೆಯಷ್ಟು ಜರುಗುತ್ತವೆ. ಬಿಭಾದ ಈ ಓಲಾಟದ ವೇಗ ಸೆಕೆಂಡಿಗೆ 200 ಮೀಟರಿಗಿಂತ ಸ್ವಲ್ಪ ಹೆಚ್ಚು. ಗುರು ನಮ್ಮ ಸೂರ್ಯನನ್ನು ಅಲುಗಿಸುವುದು ಸೆಕೆಂಡಿಗೆ ಹನ್ನೆರಡು ಹದಿಮೂರು ಮೀಟರ್ ಅಷ್ಟೇ.

ಆ ಗೆರೆಗಳಿಂದ ದೊರೆತ ಜಾತಕ ಇಷ್ಟು: ಗ್ರಹದ ದ್ರವ್ಯರಾಶಿ ಕಡಿಮೆಯೆಂದರೂ ಗುರುವಿನ ಒಂದೂವರೆ ಪಟ್ಟು, ಒಂದು ಸುತ್ತಿಗೆ 2.14 ದಿನ, ನಕ್ಷತ್ರದಿಂದ ದೂರ 50 ಲಕ್ಷ ಕಿಲೋಮೀಟರಿನ ಆಸುಪಾಸು. ಬುಧ ಗ್ರಹ ಸೂರ್ಯನಿಂದ ಸರಾಸರಿ 5.8 ಕೋಟಿ ಕಿಲೋಮೀಟರ್ ದೂರದಲ್ಲಿದ್ದೂ ಬೇಯುತ್ತದೆ. ಇದರ ಸ್ಥಿತಿ ಊಹಿಸಿಕೊಳ್ಳಬೇಕು. ಇಷ್ಟು ಹತ್ತಿರದ ಗ್ರಹಗಳು ಚಂದ್ರನಂತೆ ಸದಾ ಒಂದೇ ಮೋರೆ ತೋರಿಸುತ್ತ ತಿರುಗುತ್ತವೆ ಎಂಬುದು ಸಾಮಾನ್ಯ ಲೆಕ್ಕಾಚಾರ. ಒಂದು ಬದಿ ಮುಗಿಯದ ನಡುಹಗಲು, ಇನ್ನೊಂದು ಬದಿ ಮುಗಿಯದ ಇರುಳು. ಇಂಥ ದೈತ್ಯ ಹುಟ್ಟಿದ್ದು ಅಲ್ಲೇ ಎನ್ನುವುದು ಕಷ್ಟ. ಆ ಕಾವಿನಲ್ಲಿ ಅಷ್ಟೊಂದು ಅನಿಲ ಒಟ್ಟುಗೂಡಲು ಬೇಕಾದ ಸಾಮಗ್ರಿ ಸಾಲದು. ದೂರದ ಹಿಮವಲಯದಲ್ಲಿ ಬೆಳೆದು, ಧೂಳು-ಅನಿಲದ ತಟ್ಟೆಯ ಎಳೆತಕ್ಕೋ ಬೇರೆ ಕಾಯಗಳ ತಳ್ಳಾಟಕ್ಕೋ ಸಿಕ್ಕಿ ಒಳಕ್ಕೆ ಜಾರಿರಬೇಕು ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ.

ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ತನ್ನ ನೂರನೇ ವರ್ಷಕ್ಕೆ ಪ್ರತಿ ದೇಶಕ್ಕೂ ಒಂದು ನಕ್ಷತ್ರ, ಒಂದು ಗ್ರಹ ಒಪ್ಪಿಸಿ ಹೆಸರಿಡಲು ಹೇಳಿತು. ಭಾರತದ ಪಾಲಿಗೆ ಬಂದದ್ದು ಎಚ್‌ಡಿ 86081. ಸಲಹೆ ಕೊಟ್ಟವರು ವಿದ್ಯಾರ್ಥಿಗಳು. ಜನರ ಮತದಾನವೂ ನಡೆಯಿತು. 2019ರ ಡಿಸೆಂಬರಿನಲ್ಲಿ ಹೆಸರುಗಳು ಹೊರಬಿದ್ದವು: ಗ್ರಹದ ವಾತಾವರಣದ ಮಬ್ಬನ್ನು ನೆನೆದು ಸಂತಮಸ, ಭೌತವಿಜ್ಞಾನಿ ಬಿಭಾ ಚೌಧುರಿ ಅವರ ನೆನಪಿಗೆ ಬಿಭಾ.

ಬಿಭಾ ಚೌಧುರಿ 1913ರಲ್ಲಿ ಕೋಲ್ಕತ್ತದಲ್ಲಿ ಹುಟ್ಟಿದರು. ಬೋಸ್ ಸಂಸ್ಥೆಯಲ್ಲಿ ಡಿ. ಎಂ. ಬೋಸ್ ಅವರೊಡನೆ, ಡಾರ್ಜಿಲಿಂಗ್, ಸಂದಕ್‌ಫುವಿನಂಥ ಎತ್ತರದ ಜಾಗಗಳಲ್ಲಿ ಛಾಯಾಚಿತ್ರದ ಫಲಕಗಳನ್ನಿಟ್ಟು, ವಿಶ್ವಕಿರಣಗಳು ಎಮಲ್ಷನ್ ಪದರದಲ್ಲಿ ಬಿಟ್ಟುಹೋದ ಗೆರೆಗಳನ್ನು ಸೂಕ್ಷ್ಮದರ್ಶಕದಡಿ ಎಣಿಸಿದರು. ಹಾದುಹೋದ ಕಣದ ತೂಕ ಇಲೆಕ್ಟ್ರಾನಿನ ಸುಮಾರು ಇನ್ನೂರು ಪಟ್ಟು ಎಂದು ‘ನೇಚರ್’ ಪತ್ರಿಕೆಯಲ್ಲಿ 1940ರ ದಶಕದ ಆರಂಭದಲ್ಲಿ ಬರೆದರು. ಯುದ್ಧದ ದಿನಗಳು; ಇನ್ನಷ್ಟು ಸೂಕ್ಷ್ಮವಾದ ಫಲಕಗಳು ಕೈಗೆ ಬರಲಿಲ್ಲ. ಯುದ್ಧದ ನಂತರ ಬ್ರಿಸ್ಟಲ್‌ನಲ್ಲಿ ಉತ್ತಮ ಫಲಕಗಳೊಂದಿಗೆ ಅದೇ ದಾರಿ ಹಿಡಿದ ಸೆಸಿಲ್ ಪೊವೆಲ್ ಪಯಾನ್ ಎಂಬ ಕಣವನ್ನು ಕಂಡರು, 1950ರ ನೊಬೆಲ್ ಪಡೆದರು. ಚೌಧುರಿ ಮ್ಯಾಂಚೆಸ್ಟರಿನಲ್ಲಿ ಪ್ಯಾಟ್ರಿಕ್ ಬ್ಲ್ಯಾಕೆಟ್ ಬಳಿ ಡಾಕ್ಟರೇಟಿಗೆ ದುಡಿದು, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಮೊದಲ ಮಹಿಳಾ ಸಂಶೋಧಕಿಯಾದರು. ಮುಂದೆ ಅಹಮದಾಬಾದಿನಲ್ಲಿದ್ದಾಗ ಕೋಲಾರ ಚಿನ್ನದ ಗಣಿಯ ಪ್ರಯೋಗಗಳಲ್ಲಿ ಪಾಲ್ಗೊಂಡರು. 1991ರಲ್ಲಿ ತೀರಿಕೊಳ್ಳುವವರೆಗೂ ದೊಡ್ಡ ಪ್ರಶಸ್ತಿಯೊಂದೂ ಅವರ ಬಾಗಿಲಿಗೆ ಬರಲಿಲ್ಲ.

ಕೋಲಾರದ ಆ ಪ್ರಯೋಗಗಳು 1950ರ ದಶಕದಲ್ಲಿ ಶುರುವಾದವು. ಮೊದಲಿಗರಲ್ಲಿ ನಂಜನಗೂಡಿನ ಬಿ. ವಿ. ಶ್ರೀಕಂಠನ್ ಒಬ್ಬರು. ಮೇಲಿನ ಬಂಡೆಯೇ ಜರಡಿ. ಆಳಕ್ಕೆ ಇಳಿದಂತೆ ಉಳಿದ ಕಣಗಳೆಲ್ಲ ಸೋಸಿಹೋಗಿ ಬಲಶಾಲಿ ಮ್ಯುವಾನ್‌ಗಳು ಮಾತ್ರ ತಲುಪುತ್ತವೆ. ಇನ್ನೂ ಕೆಳಗೆ ಅವೂ ವಿರಳ. 1965ರಲ್ಲಿ, ನೆಲದಿಂದ ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಸುಳಿವು ಅಲ್ಲಿ ಸಿಕ್ಕಿತು.

ಈ ಲೇಖಕ ಬೆಳೆದದ್ದು ಚಾಂಪಿಯನ್ ರೀಫ್‌ನ ಆಸುಪಾಸಿನಲ್ಲಿ, ಸೈನೈಡ್ ದಿಬ್ಬದ ಬೂದು ಧೂಳು ಗಾಳಿ ಬೀಸಿದಾಗ ಒಣಹಾಕಿದ ಬಟ್ಟೆಗೆ ಮೆತ್ತುತ್ತಿದ್ದ ಓಣಿಯಲ್ಲಿ. ಕೆಳಗೆ ಗಣಿಯಲ್ಲಿ ಬಂಡೆ ಸಿಡಿದು ರಾಕ್ ಬರ್ಸ್ಟ್ ಆದರೆ ಅಡುಗೆಮನೆಯ ಹಲಗೆಯ ಮೇಲಿನ ಸ್ಟೀಲ್ ಲೋಟಗಳು ಗಲಗಲ ಅನ್ನುತ್ತಿದ್ದವು. ತಾಯಿ ಒಂದು ಕೈಯಲ್ಲಿ ಹಾಲಿನ ಪಾತ್ರೆ ಹಿಡಿದು, ಇನ್ನೊಂದು ಕೈಯನ್ನು ಗೋಡೆಗೆ ಒತ್ತಿ ನಿಲ್ಲುತ್ತಿದ್ದರು; ಸದ್ದು ನಿಂತರೂ ಪಾಳಿಗೆ ಹೋದವರ ಮನೆಗಳಲ್ಲಿ ಮಾತು ಹೊರಡುತ್ತಿರಲಿಲ್ಲ. ಗಣಿಯೊಳಗೆ ಇಳಿಯುವ ಮುಂಬಯಿಯ ವಿಜ್ಞಾನಿಗಳ ಬಗ್ಗೆ ಓಣಿಯ ತೀರ್ಮಾನ ಒಂದೇ: ಇನ್ನೆಷ್ಟು ಚಿನ್ನ ಉಳಿದಿದೆ ಎಂದು ಗುಟ್ಟಾಗಿ ಅಳೆಯಲು ಬಂದವರು. ಬಿಭಾ ಚೌಧುರಿ ಎಂಬ ಹೆಸರನ್ನು ಅಲ್ಲಿ ಯಾರೂ ಹೇಳಿದ ನೆನಪು ಲೇಖಕನಿಗಿಲ್ಲ. 2001ರಲ್ಲಿ ಗಣಿ ಮುಚ್ಚಿತು.

ಬಿಭಾವನ್ನು ಹುಡುಕಲು ಮಾರ್ಚ್–ಏಪ್ರಿಲ್ ಸಂಜೆಗಳು ಒಳ್ಳೆಯವು. ನೆತ್ತಿಯ ಹತ್ತಿರ ಮಖಾ, ಅದರ ನೈಋತ್ಯಕ್ಕೆ ಕೆಂಬಣ್ಣದ ಒಂಟಿ ನಕ್ಷತ್ರ ಆಲ್ಫಾರ್ಡ್. ಇವೆರಡರ ನಡುವಿನ ಖಾಲಿ ಎನಿಸುವ ಜಾಗದಲ್ಲಿ, ಆಲ್ಫಾರ್ಡ್ ಕಡೆಗೆ ಹೆಚ್ಚು ವಾಲಿ, ತುಸು ಪೂರ್ವಕ್ಕೆ ಅದು ಇದೆ. ನಕ್ಷೆ ಬೇಕೇ ಬೇಕು. ಸುತ್ತಲಿನ ಚುಕ್ಕೆಗಳಿಂದ ಅದನ್ನು ಬೇರೆ ಮಾಡುವ ಯಾವ ಲಕ್ಷಣವೂ ಇಲ್ಲ. ಸಂಶೋಧನಾ ಪ್ರಬಂಧಗಳು ಇಂದಿಗೂ ಹೆಚ್ಚಾಗಿ ಬಳಸುವುದು ಕ್ಯಾನನ್ ಕಾಲದ ಆ ಸಂಖ್ಯೆಯನ್ನೇ, ಗ್ರಹಕ್ಕೆ ಅದರ ಮುಂದೊಂದು ‘ಬಿ’ ಅಕ್ಷರ ಸೇರಿಸಿ.